ಕಪಾಟಿನ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸುವುದು ಹೇಗೆ?

ನಮ್ಮ ಉಡುಪಿ ಮನೆಯ ಕಪಾಟಿನ ಕೆಳಗಿನ ಖಾನೆಯಲ್ಲಿ ಹನ್ನೊಂದು ವಿಎಚ್‌ಎಸ್ ಕ್ಯಾಸೆಟ್ ಇದ್ದವು. ಅಕ್ಕನ ಮದುವೆ, ಊರಿನ ದೈವದ ನೇಮ, ಇಡೀ ರಾತ್ರಿಯ ಒಂದು ಯಕ್ಷಗಾನ. ಯಕ್ಷಗಾನಕ್ಕೆ ನಮ್ಮಲ್ಲಿ ಆಟ ಅನ್ನುತ್ತೇವೆ, ಆ ಆಟದ್ದೇ ಮೂರು ಕ್ಯಾಸೆಟ್. ಕಂಪ್ಯೂಟರಿಗೆ ಹಾಕುವುದು ಕಷ್ಟ ಅಂದುಕೊಂಡು ವರ್ಷಗಟ್ಟಲೆ ಮುಂದೂಡಿದೆ. ಆಮೇಲೆ ಗೊತ್ತಾಯಿತು, ಕಂಪ್ಯೂಟರಿನ ಕೆಲಸ ಸುಲಭ. ಕಷ್ಟ ಇರುವುದು ಕ್ಯಾಸೆಟ್ಟಿನಲ್ಲಿ, ಅದರಲ್ಲೂ ನಮ್ಮ ಕರಾವಳಿಯ ಮಳೆಗಾಲ ಕಂಡ ಕ್ಯಾಸೆಟ್ಟಿನಲ್ಲಿ.

ಮೊದಲು ಟಾರ್ಚ್ ಹಿಡಿದು ನೋಡಿ

ಕ್ಯಾಸೆಟ್ಟಿನ ಕಿಟಕಿಗೆ ಬೆಳಕು ಬಿಡಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಪುಡಿಯಂಥದ್ದು ಕಂಡರೆ ಅದು ಬೂಷ್ಟು. ಅದನ್ನು ವಿಸಿಆರ್‌ಗೆ, ಅಂದರೆ ಕ್ಯಾಸೆಟ್ ಓಡಿಸುವ ಯಂತ್ರಕ್ಕೆ, ಹಾಕಲೇಬೇಡಿ. ಟೇಪ್ ಓದುವ ಹೆಡ್‌ಗೆ ಅಂಟಿಕೊಂಡು ಆಮೇಲೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ. ಬೂಷ್ಟು ಹಿಡಿದದ್ದನ್ನು ಬೇರೆ ಇಟ್ಟು, ಟೇಪ್ ಸ್ವಚ್ಛ ಮಾಡಿದ ಅನುಭವ ಇರುವವರಿಗೆ ಕೊಡಿ. ನಮ್ಮ ಹನ್ನೊಂದರಲ್ಲಿ ಎರಡು ಹಾಗೆ ಹೋದವು.

ಉಳಿದವುಗಳ ಬೆನ್ನಿನ ಎಡತುದಿಯಲ್ಲಿ ಚಿಕ್ಕ ಪ್ಲಾಸ್ಟಿಕ್ ತುಂಡು ಇರುತ್ತದೆ. ಅದನ್ನು ಮುರಿದುಬಿಡಿ. ಆಗ ಗಡಿಬಿಡಿಯಲ್ಲಿ ರೆಕಾರ್ಡ್ ಬಟನ್ ಒತ್ತಿದರೂ ಮದುವೆ ಅಳಿಸಿಹೋಗುವುದಿಲ್ಲ. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ಟೇಪ್ ಅಲ್ವಾ, ನೋಡುವ ಮೊದಲು ಒಮ್ಮೆ ಕೊನೆವರೆಗೆ ಓಡಿಸಿ ವಾಪಸ್ ಸುತ್ತಿ.

ವಿಸಿಆರ್ ಎಲ್ಲಿಂದ ತರುವುದು?

ಹೊಸದು ಸಿಗುವುದಿಲ್ಲ. ಕೊನೆವರೆಗೂ ತಯಾರಿಸುತ್ತಿದ್ದ ಜಪಾನಿನ ಫುನೈ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿತು. ಗಲ್ಫಿನಿಂದ ಬಂದ ನೆಂಟರ ಮನೆಯ ಅಟ್ಟ, ಇಲ್ಲದಿದ್ದರೆ ಗುಜರಿ ಅಂಗಡಿಯೇ ಗತಿ. ತಂದ ಕೂಡಲೇ ಮುಖ್ಯವಾದ ಕ್ಯಾಸೆಟ್ ಹಾಕಬೇಡಿ. ಬೇಡದ ಯಾವುದಾದರೂ ಒಂದನ್ನು ಹತ್ತು ನಿಮಿಷ ಓಡಿಸಿ, ಟೇಪ್ ನುಂಗುತ್ತದೋ ನೋಡಿ.

ಚಿತ್ರದ ತುಂಬ ಬಿಳಿ ಚುಕ್ಕೆ ಮಳೆ ಬಂದರೆ ಹೆಡ್ ಕೊಳೆಯಾಗಿದೆ. ಪ್ಲಗ್ ತೆಗೆಯಿರಿ. ಮುಚ್ಚಳ ಬಿಚ್ಚಿ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಆ ಹೊಳೆಯುವ ಡ್ರಮ್ಮಿಗೆ ಮೆಲ್ಲಗೆ ತಾಗಿಸಿ ಹಿಡಿಯಿರಿ. ಬಟ್ಟೆ ಅಲ್ಲಾಡಬಾರದು, ಇನ್ನೊಂದು ಕೈಯಿಂದ ಡ್ರಮ್ಮನ್ನೇ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿ ಬೇಡ, ಅದರ ಎಳೆ ಸಿಕ್ಕಿಕೊಳ್ಳುತ್ತದೆ.

ಜೋಡಿಸುವುದು

ಯುಎಸ್‌ಬಿ ವಿಡಿಯೋ ಕ್ಯಾಪ್ಚರ್ ಕಾರ್ಡ್ ಒಂದು ಬೇಕು. ವಿಸಿಆರ್‌ನ ಚಿತ್ರ, ಶಬ್ದವನ್ನು ಕಂಪ್ಯೂಟರಿಗೆ ಕೊಡುವ ಬೆರಳುದ್ದದ ಸಾಧನ, ಆನ್‌ಲೈನಲ್ಲಿ ಸಿಗುತ್ತದೆ. ವಿಸಿಆರ್‌ನ ಔಟ್‌ನಿಂದ ಹಳದಿ ವಯರ್ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಶಬ್ದಕ್ಕೆ. ಹಳೆಯ ವಿಸಿಆರ್‌ನಲ್ಲಿ ಶಬ್ದಕ್ಕೆ ಒಂದೇ ತೂತು ಇದ್ದರೆ ಬಿಳಿ ಒಂದೇ ಸಾಕು. ಹ್ಯಾಂಡಿಕ್ಯಾಮ್, ಡಿವಿಡಿ ಪ್ಲೇಯರ್, ಸೆಟ್ ಟಾಪ್ ಬಾಕ್ಸ್ ಇವುಗಳನ್ನೂ ಇದೇ ವಯರಿನಲ್ಲಿ ಜೋಡಿಸಬಹುದು. ಮಿನಿ ಡಿವಿ ಟೇಪ್ ಮಾತ್ರ ಬೇರೆ. ಅದು ಮೊದಲೇ ಡಿಜಿಟಲ್, ಫೈರ್‌ವೈರ್ ಕೇಬಲ್ಲಿನಲ್ಲಿ ತೆಗೆದರೆ ಇದ್ದದ್ದು ಇದ್ದ ಹಾಗೇ ಬರುತ್ತದೆ.

ಕಂಪ್ಯೂಟರಿನಲ್ಲಿ ಒಬಿಎಸ್ ಸ್ಟುಡಿಯೋ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ಸೋರ್ಸಸ್‌ನಲ್ಲಿ ವಿಡಿಯೋ ಕ್ಯಾಪ್ಚರ್ ಡಿವೈಸ್ ಸೇರಿಸಿ ಕಾರ್ಡ್ ಆರಿಸಿ. ವಿಡಿಯೋ ಸ್ಟ್ಯಾಂಡರ್ಡ್ ಪಾಲ್ (ನಮ್ಮ ದೇಶದ ಹಳೆಯ ಟಿವಿ ಪದ್ಧತಿ) ಇರಲಿ, ಅಳತೆ 720 ಅಗಲ, 576 ಎತ್ತರ. ನಮ್ಮ ಕ್ಯಾಸೆಟ್, ದುಬೈಯ ಕ್ಯಾಸೆಟ್ ಎರಡೂ ಪಾಲ್. ಅಮೆರಿಕದಿಂದ ಬಂದದ್ದಾದರೆ ಅಲ್ಲಿಯ ಪದ್ಧತಿ ಎನ್‌ಟಿಎಸ್‌ಸಿ, ಅದನ್ನು ಓದುವ ವಿಸಿಆರ್ ಬೇಕು. ಚಿತ್ರದ ಆಕಾರ ಸರಿಬರಲು ಸೆಟ್ಟಿಂಗ್ಸ್‌ನಲ್ಲಿ ಕ್ಯಾನ್ವಾಸ್ ಮತ್ತು ಔಟ್‌ಪುಟ್ ಎರಡನ್ನೂ 768 ಅಗಲ, 576 ಎತ್ತರ ಮಾಡಿ ಚಿತ್ರವನ್ನು ಅದಕ್ಕೆ ಸರಿಯಾಗಿ ತುಂಬಿಸಿ. ದೊಡ್ಡ ಟಿವಿಗೆ ಸರಿಹೋಗಲಿ ಅಂತ ಇನ್ನೂ ಎಳೆದರೆ ವೇಷದ ಕಿರೀಟವೆಲ್ಲ ಚಪ್ಪಟೆಯಾಗುತ್ತದೆ.

ಆಟದ ಕ್ಯಾಸೆಟ್ ಹಾಕಿದಾಗ ಒಂದು ಪಾಠ ಆಯಿತು. ಭಾಗವತರ ಪದ್ಯ ನಡೆಯುವಾಗ ಚಿತ್ರ ಸರಿಯಾಗಿಯೇ ಇತ್ತು. ವೇಷ ದಿಗಿಣ (ಗಿರ್ರನೆ ಸುತ್ತುತ್ತಾ ಹಾರುವ ಕುಣಿತ) ಹೊಡೆಯಲು ಶುರುಮಾಡಿದ್ದೇ, ಕೈಯ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳಿತು. ಹಳೆಯ ವಿಡಿಯೋದಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದೂ ಗೆರೆ ಬಿಟ್ಟು ಗೆರೆಯ ಎರಡು ಅರ್ಧಗಳಾಗಿ ಬರುತ್ತದೆ. ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ತೋರಿಸುವುದರಿಂದ ಈ ಹಲ್ಲು. ಸೋರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಇಂಟರ್ಲೇಸಿಂಗ್‌ನಲ್ಲಿ ಯಾಡಿಫ್ 2ಎಕ್ಸ್ ಆರಿಸಿ, ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) 50 ಇಡಿ. ದಿಗಿಣ ಸರಾಗವಾಗಿ ಸುತ್ತುತ್ತದೆ.

ಶಬ್ದ ಎಲ್ಲಿಂದ ಬರುತ್ತಿದೆ?

ಇದನ್ನು ನೋಡದೆ ನಾನು ಮೂರು ಗಂಟೆ ಕಳೆದುಕೊಂಡೆ. ಅಕ್ಕನ ಮದುವೆ ಪೂರ್ತಿ ರೆಕಾರ್ಡ್ ಆಯಿತು. ಹಾಕಿ ಕೇಳಿದರೆ ನಾದಸ್ವರದ ಬದಲು ನಮ್ಮ ಅಡಿಗೆಮನೆಯ ಮಿಕ್ಸಿ, ನಡುವೆ ಹಾಲಿನವರ ಜೊತೆ ಅಮ್ಮನ ಮಾತು. ಲ್ಯಾಪ್‌ಟಾಪಿನ ಮೈಕ್ ತೆರೆದೇ ಇತ್ತು. ಆಡಿಯೋ ಮಿಕ್ಸರ್‌ನಲ್ಲಿ ಮೈಕ್ ಬಂದ್ ಮಾಡಿ, ಕಾರ್ಡಿನ ಆಡಿಯೋವನ್ನೇ ಆರಿಸಿ. ಎರಡು ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೇಳಿ, ಆಮೇಲೆ ಪೂರ್ತಿ ಮಾಡಿ.

ಫೈಲು ಎಂಕೆವಿ ರೂಪದಲ್ಲಿರಲಿ. ಮಧ್ಯೆ ಕರೆಂಟ್ ಹೋದರೂ ಅಲ್ಲಿವರೆಗಿನದು ಉಳಿಯುತ್ತದೆ. ಸಾಮಾನ್ಯ ಎಂಪಿ4 ಆದರೆ ಇಡೀ ಫೈಲೇ ತೆರೆಯದೆ ಹೋಗಬಹುದು. ಮುಗಿದ ಮೇಲೆ ಒಬಿಎಸ್‌ನಲ್ಲೇ ಎಂಪಿ4ಗೆ ಬದಲಿಸಬಹುದು. ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಮಾಹಿತಿ ಅನ್ನುವ ಲೆಕ್ಕ) 8,000 ಕೆಬಿಪಿಎಸ್ ಇಟ್ಟರೆ ಗಂಟೆಗೆ ಸುಮಾರು 3.6 ಜಿಬಿ ಆಗುತ್ತದೆ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು, ಅಡ್ಡದಾರಿ ಇಲ್ಲ. ಚಿತ್ರದ ಅಡಿಯಲ್ಲಿ ಕುಣಿಯುವ ಪಟ್ಟಿ ಕಂಡರೆ ಗಾಬರಿ ಬೇಡ. ಎಲ್ಲ ವಿಎಚ್‌ಎಸ್‌ನಲ್ಲೂ ಇರುವಂಥದ್ದೇ, ಆಮೇಲೆ ಕತ್ತರಿಸಬಹುದು.

ಟೇಪ್ ಓಡುವಾಗ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾರು ಯಾರು ಅಂತ ಕೇಳಿ, ನಿಮಿಷದ ಲೆಕ್ಕದಲ್ಲಿ ಹೆಸರು ಬರೆದು ಅದೇ ಫೋಲ್ಡರಿನಲ್ಲಿ ಹಾಕಿ. ನಮ್ಮ ಪಟ್ಟಿಯಲ್ಲಿ ಇಬ್ಬರು ಬಾಕಿ ಇದ್ದಾರೆ. ಮದುವೆ ಊಟದಲ್ಲಿ ಸಾರು ಬಡಿಸುತ್ತಿದ್ದಾರೆ, ಅಮ್ಮನಿಗೂ ಗುರುತು ಸಿಕ್ಕಿಲ್ಲ.