ಔಟ್‌ಬೋರ್ಡ್ ಪ್ರೊಪೆಲ್ಲರ್ ಬದಲಿಸಿ, ಸ್ಕೆಗ್ ಬೆಸೆದದ್ದು

ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನಿನ ಪ್ರೊಪೆಲ್ಲರ್ ಕಲ್ಲಿಗೆ ಬಡಿದ ಮೇಲೆ ಎಂಜಿನ್ ಆರ್‌ಪಿಎಂ ಏರುತ್ತದೆ, ದೋಣಿ ಮಾತ್ರ ವೇಗ ಪಡೆದು ನೀರಿನ ಮೇಲೆ ಏಳುವುದಿಲ್ಲ. ಪ್ರೊಪೆಲ್ಲರಿನ ಒಳತೋಳಿನಿಂದ ಹೊರಕವಚಕ್ಕೆ ಬಣ್ಣದ ಗೆರೆ ಎಳೆದು ಓಡಿಸಿದೆ. ಗೆರೆ ಸರಿದಿತ್ತು, ಅಂದರೆ ಅವೆರಡನ್ನು ಹಿಡಿದಿಡುವ ಹಬ್ ರಬ್ಬರ್ ಜಾರಿದೆ. ಅಲಗು ತಟ್ಟಿ ಪ್ರಯೋಜನವಿಲ್ಲ, ಪ್ರೊಪೆಲ್ಲರನ್ನೇ ಬದಲಿಸಬೇಕು.

ಸ್ಪಾರ್ಕ್ ಪ್ಲಗ್ ವೈರ್ ಕಳಚಿ, ಅಲಗಿಗೂ ಮೇಲಿನ ತಟ್ಟೆಗೂ ನಡುವೆ ಮರದ ತುಂಡು ಕೊಟ್ಟು ನಟ್ ಬಿಚ್ಚಿದೆ. ಪ್ರೊಪೆಲ್ಲರಿನ ಒತ್ತಡ ತಡೆಯುವ ಥ್ರಸ್ಟ್ ವಾಷರ್ ಹಿಂದೆ ಗಾಳದ ದಾರ! ಬಿಟ್ಟರೆ ಅದು ಶಾಫ್ಟಿನ ಸುತ್ತ ನೀರು ತಡೆಯುವ ಸೀಲ್ ಕತ್ತರಿಸುತ್ತದೆ, ನೀರು ನುಗ್ಗಿ ಗೇರ್ ಆಯಿಲ್ ಹಾಲಿನಂತಾಗುತ್ತದೆ. ಶಾಫ್ಟಿನ ಹಲ್ಲುಗೆರೆಗಳಾದ ಸ್ಪ್ಲೈನಿಗೆ ಮೆರೀನ್ ಗ್ರೀಸ್ ಸವರಿ ಜೋಡಿಸಿದೆ. ನಟ್ ಕಳಚದಂತೆ ಹಿಡಿಯುವ ಕಾಟರ್ ಪಿನ್ನಿನ ರಂಧ್ರ ಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿಯಬೇಕು, ಸಡಿಲಿಸಬಾರದು. ಕಾಟರ್ ಪಿನ್ ಪ್ರತಿ ಸಲವೂ ಹೊಸದು.

ಪ್ರೊಪೆಲ್ಲರ್ ಕೆಳಗಿನ ರೆಕ್ಕೆಯಂಥ ಸ್ಕೆಗ್ ಕೂಡ ಮುರಿದಿತ್ತು; ಅದು ಅಲ್ಯೂಮಿನಿಯಂ. ಬಣ್ಣ ಕೆರೆದು, ಗೇರ್ ಆಯಿಲ್ ಬಸಿದು, ಟಿಗ್ ವೆಲ್ಡಿಂಗನ್ನು ನಿಲ್ಲಿಸಿ ನಿಲ್ಲಿಸಿ ಮಾಡಿಸಿದೆ. ಒಂದೇ ಸಮ ಬೆಸೆದರೆ ಬಿಸಿಗೆ ಸೀಲ್ ಸುಡುತ್ತದೆ. ತುದಿ ಮಾತ್ರ ಮುರಿದಿದ್ದರೆ ಬೋಲ್ಟ್ ಹಾಕುವ ಸ್ಟೀಲ್ ಗಾರ್ಡ್ ಸಾಕು.