ಹೂಡಿಕೆದಾರರ ಮುಂದೆ ಆರೋಗ್ಯ ಸ್ಟಾರ್ಟ್‌ಅಪ್: ಎಡವದೆ ಪಿಚ್ ಮಾಡುವುದು ಹೇಗೆ?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹುಡುಗ ಹುಡುಗಿಯರು ಕಟ್ಟುವ ಆರೋಗ್ಯ ಸಾಧನಗಳಲ್ಲಿ ಒಳ್ಳೆಯವು ಇಲ್ಲವೆಂದಲ್ಲ. ಬೆಂಗಳೂರಿಗೆ ಹೋಗಿ ಹೂಡಿಕೆದಾರರ ಮುಂದೆ ಹಣ ಕೇಳಿ ಹತ್ತು ನಿಮಿಷ ಮಾತಾಡುವಾಗ, ಅಂದರೆ ಪಿಚ್ ಮಾಡುವಾಗ, ಎಡವುತ್ತಾರೆ. ಎಡವುವ ಜಾಗಗಳು ಎರಡೇ: ನಿಖರತೆಯ ಅಂಕಿ, ಮತ್ತು ದುಡ್ಡು ಕೊಡುವವರು ಯಾರು ಎಂಬ ಪ್ರಶ್ನೆ. ಮಧುಮೇಹಿಗಳ ಅಕ್ಷಿಪಟಲದ (ರೆಟಿನಾ) ಚಿತ್ರ ತೆಗೆದು, ಸಾಫ್ಟ್‌ವೇರಿನಿಂದ ತೊಂದರೆ ಪತ್ತೆಹಚ್ಚುವ ಕ್ಯಾಮೆರಾ ಒಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಹಂತ 1: ಮೂವರನ್ನು ಗುರುತಿಸಿ. ಬಳಸುವವರು, ಒಪ್ಪುವವರು, ಹಣ ಕೊಡುವವರು. ಬಾಗೇಪಲ್ಲಿಯ ತಾಲ್ಲೂಕು ಆಸ್ಪತ್ರೆಯಲ್ಲಾದರೆ ಬಳಸುವವರು ನರ್ಸ್, ಒಪ್ಪಬೇಕಾದವರು ಕಣ್ಣಿನ ವೈದ್ಯರು, ಹಣ ಬರುವುದು ಆಸ್ಪತ್ರೆಯದೇ ಆರೋಗ್ಯ ರಕ್ಷಾ ಸಮಿತಿಯಿಂದಲೋ ಇಲಾಖೆಯ ಟೆಂಡರಿನಿಂದಲೋ. ಟೆಂಡರ್ ನಿಧಾನ, ಅಲ್ಲಿಯವರೆಗೆ ಕಂಪನಿ ಹೇಗೆ ಉಸಿರಾಡುತ್ತದೆ ಎಂಬುದೂ ಸ್ಲೈಡಿನಲ್ಲಿರಲಿ. ಊರಿನ ನರ್ಸಿಂಗ್ ಹೋಂಗಳಲ್ಲಿ ಈ ಮೂರೂ ಪಾತ್ರ ಸಾಮಾನ್ಯವಾಗಿ ಮಾಲೀಕ ವೈದ್ಯರೊಬ್ಬರದೇ. ಮೊದಲ ಗಿರಾಕಿಯನ್ನು ಅಲ್ಲೇ ಹುಡುಕಿ.

ಹಂತ 2: ನಿಖರತೆಯ ಅಂಕಿ. ಇಲ್ಲಿ ಅವಸರ ಬೇಡವೇ ಬೇಡ. ‘ನಮ್ಮದು ಶೇ 98 ನಿಖರ’ ಎಂದು ಬರೆಯಬೇಡಿ. ನೂರಕ್ಕೆ ಇಬ್ಬರಿಗಷ್ಟೇ ಇರುವ ಕಾಯಿಲೆಯಾದರೆ, ಎಲ್ಲರಿಗೂ ‘ಏನೂ ಇಲ್ಲ’ ಎನ್ನುವ ಯಂತ್ರಕ್ಕೂ ಶೇ 98 ಬರುತ್ತದೆ. ಬರೆಯಬೇಕಾದದ್ದು ಸೆನ್ಸಿಟಿವಿಟಿ, ಅಂದರೆ ಕಾಯಿಲೆ ಇರುವವರಲ್ಲಿ ಎಷ್ಟು ಜನರನ್ನು ಹಿಡಿಯಿತು. ಮತ್ತು ಸ್ಪೆಸಿಫಿಸಿಟಿ, ಅಂದರೆ ಇಲ್ಲದವರಲ್ಲಿ ಎಷ್ಟು ಜನರಿಗೆ ಇಲ್ಲವೆಂದೇ ಹೇಳಿತು.

ಎರಡೂ ಶೇ 90 ಎನ್ನಿ. 1,000 ಮಧುಮೇಹಿಗಳಲ್ಲಿ 100 ಮಂದಿಗೆ ಕಣ್ಣಿನ ತೊಂದರೆ ಇದ್ದರೆ 90 ಮಂದಿ ಸಿಕ್ಕರು, 10 ಮಂದಿ ತಪ್ಪಿಹೋದರು. ಉಳಿದ 900ರಲ್ಲೂ 90 ಮಂದಿಗೆ ಯಂತ್ರ ‘ದೊಡ್ಡಾಸ್ಪತ್ರೆಗೆ ಹೋಗಿ’ ಎನ್ನುತ್ತದೆ. ಒಟ್ಟು 180 ಜನರಲ್ಲಿ ಅರ್ಧದಷ್ಟು ಜನ ಕೂಲಿ ಬಿಟ್ಟು, ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಸುಮ್ಮನೆ ಬಂದಂತಾಯಿತು. ಮುಂದಿನ ಸಲ ಕರೆದರೆ ಅವರು ಬರುವುದು ಕಷ್ಟ. ಸಭೆಯಲ್ಲಿ ವೈದ್ಯರಿದ್ದರೆ ಇದನ್ನೇ ಮೊದಲು ಕೇಳುತ್ತಾರೆ. ಅವರು ಕೇಳುವ ಮೊದಲೇ ಈ ಲೆಕ್ಕವನ್ನು ನೀವೇ ತೆರೆಯ ಮೇಲೆ ತೋರಿಸಿ.

ಕೆಳಗೆ ನಾಲ್ಕು ಸಾಲು ಇರಲಿ: ಎಷ್ಟು ಜನರ ಮೇಲೆ ಪರೀಕ್ಷೆ ನಡೆಯಿತು, ಎಲ್ಲಿ, ಯಾವ ತಜ್ಞರ ತೀರ್ಪಿಗೆ ಹೋಲಿಸಿದ್ದು, ಎಷ್ಟು ಚಿತ್ರಗಳನ್ನು ಓದಲಾಗಲಿಲ್ಲ. ಕೊನೆಯದನ್ನು ಮುಚ್ಚಿಡುವವರೇ ಹೆಚ್ಚು. ಪೊರೆ ಬಂದ ವಯಸ್ಸಾದವರ ಕಣ್ಣಿನ ಚಿತ್ರ ಮಸುಕಾಗುತ್ತದೆ. ಅವನ್ನು ತೆಗೆದುಹಾಕಿದರೆ ಅಂಕಿ ಏರುತ್ತದೆ, ಆದರೆ ಹಳ್ಳಿಯಲ್ಲಿ ಯಂತ್ರ ಸೋಲುತ್ತದೆ. ಇನ್ನೊಂದು ತಪ್ಪು: ಒಬ್ಬರ ಎಡಗಣ್ಣಿನ ಚಿತ್ರದಿಂದ ಸಾಫ್ಟ್‌ವೇರಿಗೆ ಕಲಿಸಿ, ಅವರದೇ ಬಲಗಣ್ಣಿನಿಂದ ಪರೀಕ್ಷಿಸುವುದು. ಅಂಕಿಯನ್ನು ಸುಳ್ಳಾಗಿ ಏರಿಸುವ ಇನ್ನೊಂದು ದಾರಿ ಇದು. ಕಲಿಸಲು ಒಂದು ಗುಂಪಿನ ರೋಗಿಗಳು, ಪರೀಕ್ಷೆಗೆ ಬೇರೆಯೇ ರೋಗಿಗಳು, ಸಾಧ್ಯವಾದರೆ ಬೇರೆಯೇ ಆಸ್ಪತ್ರೆ. ಕೋಲಾರದ ತಮಕದಲ್ಲಿ ದೇವರಾಜ ಅರಸು, ತುಮಕೂರಿನಲ್ಲಿ ಸಿದ್ಧಾರ್ಥ ವೈದ್ಯಕೀಯ ಕಾಲೇಜುಗಳಿವೆ; ಇಂಥ ಕಡೆ ರೋಗಿಗಳ ಹಿತ ನೋಡುವ ಎಥಿಕ್ಸ್ ಕಮಿಟಿಯ ಅನುಮತಿ ಪಡೆದ ಮೇಲೆಯೇ ರೋಗಿಯನ್ನು ಮುಟ್ಟಿ. ಪರಿಚಯದ ಡಾಕ್ಟರ್ ಬರೆದುಕೊಟ್ಟ ಮೆಚ್ಚುಗೆ ಪತ್ರ ಪುರಾವೆಯಲ್ಲ.

ಹಂತ 3: ಪರವಾನಗಿ. 2017ರ ವೈದ್ಯಕೀಯ ಸಾಧನಗಳ ನಿಯಮದ ಪ್ರಕಾರ ನಿಮ್ಮ ಸಾಧನ ಎ (ಅಪಾಯ ಕಡಿಮೆ), ಬಿ, ಸಿ, ಡಿ (ಅಪಾಯ ಹೆಚ್ಚು) ಪೈಕಿ ಯಾವ ವರ್ಗ ಎಂದು ಹೇಳಿ. ಇಲ್ಲೇ ತಯಾರಿಸುವುದಾದರೆ ಮೊದಲೆರಡಕ್ಕೆ ರಾಜ್ಯದ ಪರವಾನಗಿ, ಉಳಿದವಕ್ಕೆ ಕೇಂದ್ರದ್ದು. ರೋಗ ಪತ್ತೆಹಚ್ಚುವ ಸಾಫ್ಟ್‌ವೇರೂ ಇದರೊಳಗೇ ಬರುತ್ತದೆ. ಅರ್ಜಿ ಹಾಕಿಲ್ಲವೆಂದರೆ ಹಾಕಿಲ್ಲ ಎನ್ನಿ. ವಾರದಲ್ಲಿ ಸರ್ಟಿಫಿಕೇಟ್ ಕೊಡಿಸುತ್ತೇವೆ ಎನ್ನುವ ಏಜೆಂಟರಿಂದ ದೂರವಿರಿ.

ಹಂತ 4: ಒಂದು ಪರೀಕ್ಷೆಗೆ ಎಷ್ಟು ಖರ್ಚು? ದೇಶದ ಮಧುಮೇಹಿಗಳನ್ನೆಲ್ಲ ಬೆಲೆಯಿಂದ ಗುಣಿಸಿ ‘ಇಷ್ಟು ಕೋಟಿಯ ಮಾರುಕಟ್ಟೆ’ ಎನ್ನುವ ಸ್ಲೈಡ್ ಕಿತ್ತುಹಾಕಿ. ಕ್ಯಾಮೆರಾ 3 ಲಕ್ಷ ರೂಪಾಯಿ, ಬಾಳಿಕೆ 5 ವರ್ಷ, ವರ್ಷಕ್ಕೆ 250 ದಿನ ಕೆಲಸ ಎಂದಿಟ್ಟುಕೊಳ್ಳಿ. ದಿನಕ್ಕೆ 20 ಜನ ಬಂದರೆ ತಲಾ 12 ರೂಪಾಯಿ. ಐದೇ ಜನ ಬಂದರೆ 48 ರೂಪಾಯಿ. ಇದರ ಮೇಲೆ ರಿಪೇರಿ, ಸಿಬ್ಬಂದಿ ಖರ್ಚು. ಎರಡೂ ಲೆಕ್ಕ ತೋರಿಸಿ.

ಹಂತ 5: ಹನ್ನೆರಡು ಸ್ಲೈಡಿಗಿಂತ ಹೆಚ್ಚು ಬೇಡ. ಡೆಮೊ ವಿಡಿಯೊ ಲ್ಯಾಪ್‌ಟಾಪಿನಲ್ಲೇ ಇರಲಿ, ಇಂಟರ್ನೆಟ್ ನಂಬಬೇಡಿ.

ಹಂತ 6: ಎಷ್ಟು ಹಣ, ಯಾತಕ್ಕೆ? ‘ಎರಡು ಕೋಟಿ ಬೇಕು’ ಎಂದರೆ ಸಾಲದು. ಆ ಹಣದಲ್ಲಿ ಯಾವ ಪರೀಕ್ಷೆ ಮುಗಿಯುತ್ತದೆ, ಯಾವ ಪರವಾನಗಿ ಕೈಗೆ ಬರುತ್ತದೆ ಎಂದು ತಿಂಗಳುವಾರು ಹೇಳಿ. ಮಾದರಿಯೇ ಇನ್ನೂ ಸಿದ್ಧವಾಗಿಲ್ಲದಿದ್ದರೆ ಹೂಡಿಕೆದಾರರ ಹತ್ತಿರ ಹೋಗಬೇಡಿ; ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಸಂಸ್ಥೆ ಬೈರಾಕ್‌ನ (BIRAC) ಬಿಗ್ (BIG) ಯೋಜನೆಯಲ್ಲಿ 50 ಲಕ್ಷ ರೂಪಾಯಿವರೆಗೆ ಅನುದಾನವಿದೆ, ಅದಕ್ಕೆ ಅರ್ಜಿ ಹಾಕಿ.

ಜಿಲ್ಲಾ ಆರೋಗ್ಯಾಧಿಕಾರಿಗಳ ಬಳಿ ಹೋಗುವಾಗ ಈ ಸ್ಲೈಡುಗಳನ್ನು ಒಯ್ಯಬೇಡಿ. ಕನ್ನಡದಲ್ಲಿ ಒಂದೇ ಪುಟ ಸಾಕು: ಒಬ್ಬ ರೋಗಿಗೆ ನರ್ಸಿನ ಎಷ್ಟು ನಿಮಿಷ ಹಿಡಿಯುತ್ತದೆ, ಆಶಾ ಕಾರ್ಯಕರ್ತೆಗೆ ಬರೆಯುವ ಕೆಲಸ ಹೆಚ್ಚುತ್ತದೆಯೇ, ಕರೆಂಟ್ ಹೋದರೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕೆಟ್ಟರೆ ಎಷ್ಟು ದಿನದಲ್ಲಿ ಯಾರು ಬರುತ್ತಾರೆ. ಕೊನೆಯ ಸಾಲಿನಲ್ಲಿ ಕಂಪನಿಯ ಸಹಾಯವಾಣಿ ಬೇಡ, ರಿಪೇರಿಗೆ ಬರುವವರ ಹೆಸರು, ಮೊಬೈಲ್ ನಂಬರನ್ನೇ ಬರೆಯಿರಿ.