ಥೈಲೇರಿಯಾ ಜ್ವರ: ರಕ್ತಕ್ಕಿಂತ ಮೊದಲು ಗ್ರಂಥಿ

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಪಶುವೈದ್ಯನಾಗಿರುವ ನನಗೆ ದನದ ರಕ್ತ ಹೀರುವ ಉಣ್ಣೆಹುಳ ಹೆಚ್ಚುವ ಕಾಲದಲ್ಲಿ ಬರುವ ಕರೆಗಳು ಬಹುಮಟ್ಟಿಗೆ ಒಂದೇ ಬಗೆಯವು: ಈಚೆಗೆ ಕರು ಹಾಕಿದ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು, 106 ಡಿಗ್ರಿ ಜ್ವರ, ಮೇವು ಮುಟ್ಟುವುದಿಲ್ಲ, ಜ್ವರದ ಇಂಜೆಕ್ಷನ್ ಕೊಟ್ಟರೆ ಸಂಜೆ ಇಳಿದು ಬೆಳಿಗ್ಗೆ ಮತ್ತೆ ಏರುತ್ತದೆ.

ಇಂಥ ಹಸುವಿನಲ್ಲಿ ನಾನು ಮೊದಲು ಮುಟ್ಟಿ ನೋಡುವುದು ಹೆಗಲ ಮುಂದಿನ ದುಗ್ಧರಸ ಗ್ರಂಥಿಯನ್ನು (ಲಿಂಫ್ ನೋಡ್). ಅದು ಮುಷ್ಟಿಗಾತ್ರಕ್ಕೆ ಊದಿದ್ದರೆ ಉಣ್ಣೆಯಿಂದ ಹರಡುವ ಪರಾವಲಂಬಿ ರೋಗವಾದ ಥೈಲೇರಿಯಾದ ಸಂಶಯ ಬಲವಾಗುತ್ತದೆ. ಉಣ್ಣೆಯ ಜೊಲ್ಲಿನೊಡನೆ ದೇಹ ಸೇರಿದ ಪರಾವಲಂಬಿಯು ಮೊದಲು ಬಿಳಿರಕ್ತಕಣಗಳಲ್ಲಿ ಹೆಚ್ಚಿ, ಆಮೇಲಷ್ಟೇ ಕೆಂಪುರಕ್ತಕಣಗಳನ್ನು ಹೊಗುವುದರಿಂದ, ಜ್ವರದ ಆರಂಭದಲ್ಲಿ ಕಿವಿಯಿಂದ ತೆಗೆದ ರಕ್ತದ ಸ್ಲೈಡಿನಲ್ಲಿ ಏನೂ ಕಾಣದಿರಬಹುದು. ಅದನ್ನೇ ನಂಬಿ ಚಿಕಿತ್ಸೆ ತಡಮಾಡುವುದು ಹಸುವಿನ ಪ್ರಾಣಕ್ಕೆ ಅಪಾಯ.

ಕಳೆದ ವರ್ಷ ನೋಡಿದ ಒಂದು ಹಸುವಿನಲ್ಲಿಯೂ ರಕ್ತದ ಸ್ಲೈಡಿನಲ್ಲಿ ಏನೂ ಕಂಡಿರಲಿಲ್ಲ. ಗ್ರಂಥಿಗೆ ಸೂಜಿ ಚುಚ್ಚಿ ಎಳೆದ ದ್ರವವನ್ನು ಸ್ಲೈಡಿನ ಮೇಲೆ ತೆಳುವಾಗಿ ಹರಡಿ, ಮೆಥನಾಲ್‌ನಲ್ಲಿ ಅದ್ದಿ, ಗೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಲಿಂಫೋಸೈಟ್ ಎಂಬ ಬಿಳಿರಕ್ತಕಣಗಳೊಳಗೆ ನೇರಳೆ ಚುಕ್ಕೆಗಳ ಗುಂಪುಗಳು, ಅಂದರೆ ಥೈಲೇರಿಯಾದ ಗುರುತಾದ ಕಾಕ್ಸ್ ಬ್ಲೂ ಬಾಡಿಗಳು, ಸ್ಪಷ್ಟವಾಗಿ ಕಂಡವು. ಥೈಲೇರಿಯಾಕ್ಕೆ ಕೊಡುವ ಬುಪಾರ್ವಕ್ವೋನ್ ಔಷಧದ ಪ್ರಮಾಣ ಕಿಲೋ ತೂಕಕ್ಕೆ 2.5 ಮಿ.ಗ್ರಾಂ. ಸುಮಾರು 400 ಕಿಲೋ ತೂಗುವ ಆ ಹಸುವಿಗೆ 1000 ಮಿ.ಗ್ರಾಂ, ಅಂದರೆ ಮಿ.ಲೀ.ಗೆ 50 ಮಿ.ಗ್ರಾಂ ಇರುವ ಔಷಧ 20 ಮಿ.ಲೀ. ಬೇಕಾಯಿತು, ಒಂದು ಜಾಗಕ್ಕೆ 10 ಮಿ.ಲೀ. ಮೀರಬಾರದಾದ್ದರಿಂದ ಕತ್ತಿನ ಎರಡೂ ಬದಿಯ ಸ್ನಾಯುವಿಗೆ ಹಂಚಿ ಕೊಟ್ಟೆ. ಜ್ವರ ಇಳಿದರೂ ಕಣ್ಣಿನ ಒಳಪೊರೆ ಬಿಳಿಚಿಕೊಂಡೇ ಇತ್ತು, ಹಿಮೋಗ್ಲೋಬಿನ್ 5 ಗ್ರಾಂಗಿಂತ ಕೆಳಗಿತ್ತು. ನೆರೆಮನೆಯವರ ಹಳ್ಳಿಕಾರ್ ಎತ್ತಿನ ರಕ್ತವನ್ನು ಪರೀಕ್ಷಿಸಿ, ಹೆಪ್ಪುಗಟ್ಟದಂತೆ ಸೋಡಿಯಂ ಸಿಟ್ರೇಟ್ ಹಾಕಿದ ಬಾಟಲಿಗಳಲ್ಲಿ ತೆಗೆದು ಹಸುವಿಗೆ ಏರಿಸಿದೆವು. ದನಗಳಲ್ಲಿ ಮೊದಲ ಸಲ ಕೊಡುವ ರಕ್ತ ಒಗ್ಗದಿರುವುದು ವಿರಳವಾದರೂ, ಆರಂಭದಲ್ಲಿ ಹನಿಹನಿಯಾಗಿ ಬಿಟ್ಟು, ನಡುಕ ಅಥವಾ ಏದುಸಿರು ಬರುವುದೇ ಎಂದು ಗಮನಿಸುತ್ತ ನಿಂತೆ. ಎತ್ತನ್ನು ಒಂದು ಮಾತೂ ಆಡದೆ ಬಿಚ್ಚಿ ತಂದುಕೊಟ್ಟ ಆ ನೆರೆಯವರ ಉಪಕಾರ ದೊಡ್ಡದು.

ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನಾನು ಉಣ್ಣೆಯಿಂದಲೇ ಹರಡುವ ಇನ್ನೊಂದು ರಕ್ತ ಪರಾವಲಂಬಿಯಾದ ಬಬೇಸಿಯಾವನ್ನು ಶಂಕಿಸುತ್ತೇನೆ. ಅದಕ್ಕೆ ಡಿಮಿನಜೀನ್ ಬೇಕು; ಥೈಲೇರಿಯಾಕ್ಕೆ ಆ ಔಷಧ ನಾಟುವುದಿಲ್ಲ. ಹೀಗಾಗಿಯೇ ಸ್ಲೈಡ್ ನೋಡದೆ ಎಲ್ಲ ಔಷಧಗಳನ್ನೂ ಒಟ್ಟಿಗೆ ಚುಚ್ಚುವ ರೂಢಿಯನ್ನು ನಾನು ಒಪ್ಪುವುದಿಲ್ಲ.

ಗುಣವಾದ ಹಸುವಿನ ರಕ್ತದಲ್ಲಿಯೂ ಪರಾವಲಂಬಿ ಉಳಿಯಬಲ್ಲದು. ಅಲ್ಲಿಂದ ಉಣ್ಣೆಯ ಮೂಲಕ ಬೇರೆ ಹಸುಗಳಿಗೆ ದಾಟುತ್ತದೆ. ಇದನ್ನು ಹರಡುವ ಹಯಲೋಮಾ ಉಣ್ಣೆ ಕೊಟ್ಟಿಗೆಯ ಗೋಡೆ ಬಿರುಕುಗಳಲ್ಲಿ ಅಡಗಿ ಮೊಟ್ಟೆಯಿಡುವುದರಿಂದ, ಹಸುವಿನ ಮೈಗೆ ಔಷಧ ಸಿಂಪಡಿಸಿದರಷ್ಟೇ ಸಾಲದೆಂದು ತಿಳಿಹೇಳಿ, ಆ ಮನೆಯವರಿಂದ ಬಿರುಕುಗಳನ್ನೆಲ್ಲ ಸಿಮೆಂಟಿನಿಂದ ಮುಚ್ಚಿಸಿ ಸುಣ್ಣ ಬಳಿಸಿದೆ.